ನೋಡ್ಕೊಳ್ಳಕ್ಕ ಎಂದು ಹಳ್ಳ ದಾಟಿದವಳು

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆಯ ಜನಕ್ಕೆ ಜಲಪಾತದ ಹುಚ್ಚು ಹಿಡಿಯುತ್ತದೆ. ವಾರವೆಲ್ಲ ಪೀಣ್ಯದ ಧೂಳು ಕುಡಿದವರಿಗೆ ಭಾನುವಾರ ಒಂದು ದಿನ ನೀರು ಬೀಳುವುದನ್ನು ನೋಡಲೇಬೇಕು. ನೋಡಿದರೆ ಸಾಲದು, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಸ್ಟೇಟಸ್ಸಿಗೆ ಹಾಕಬೇಕು, ಸೋಮವಾರ ಊಟದ ಹೊತ್ತಿನಲ್ಲಿ ಹೋಗದಿದ್ದವರ ಹೊಟ್ಟೆ ಉರಿಸಬೇಕು. ನಾನೂ ಹಾಗೆ ಹುಚ್ಚು ಹಿಡಿಸಿಕೊಂಡು ಹೋದವಳೇ. ಹೋಗೋಣ ಎಂದು ಮೊದಲು ಬಾಯಿ ತೆರೆದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಬೇಕಾದ್ದರಲ್ಲಿ ನನ್ನ ಪಾಲನ್ನು ಸ್ವಲ್ಪ ಕಡಿಮೆ ಮಾಡಿ ಹೇಳೋಣ ಎನ್ನಿಸಬಹುದು, ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ.

ನಮ್ಮದು ಮಾಕಳಿ ಕಡೆಯ ಹಳೇ ಮನೆತನ. ಗಂಡನ ಮನೆಯವರು ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಒಂದು ಗೋಡೌನು, ಎರಡು ಸಾಲು ಬಾಡಿಗೆ ಮನೆ. ಇಷ್ಟೆಲ್ಲ ಇದ್ದೂ ನಾನು ಗಾರ್ಮೆಂಟ್ಸಿಗೆ ಹೋಗುತ್ತೇನೆ ಎಂದಾಗ ಅತ್ತೆ ಮೂರು ದಿನ ನನ್ನ ಕೈಯಿಂದ ಕಾಫಿ ಈಸಿಕೊಳ್ಳಲಿಲ್ಲ. ನಾಲ್ಕು ಜನಕ್ಕೆ ಮನೆ ಕೊಟ್ಟವರ ಸೊಸೆ ಬುತ್ತಿ ಹಿಡಿದು ಫ್ಯಾಕ್ಟರಿಗೆ ಹೋದರೆ ಊರು ಏನನ್ನುತ್ತದೆ ಎನ್ನುವುದು ಅವರ ಚಿಂತೆ. ದಿನಾ ಬೆಳಿಗ್ಗೆ ಎದ್ದು ಬಾಡಿಗೆಯವರ ನೀರಿನ ಜಗಳ ಬಿಡಿಸುವುದಕ್ಕಿಂತ ಮೆಷಿನ್ನಿನ ಸದ್ದು ವಾಸಿ ಎನ್ನುವುದು ನನ್ನ ಹಟ. ಹಟ ಗೆದ್ದಿತು. ಹನ್ನೆರಡು ವರ್ಷ ಒಂದೇ ಫ್ಯಾಕ್ಟರಿಯ ಒಂದೇ ಲೈನಿನಲ್ಲಿ ಕಾಲರ್ ಕೂರಿಸಿದ್ದೇನೆ.

ಗಾರ್ಮೆಂಟ್ಸ್ ಒಳಗೆ ಕಾಲಿಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಒಬ್ಬಳು ಕೂತು ಒಂದು ಶರ್ಟನ್ನು ಹೊಲಿಯುವುದಿಲ್ಲ. ಸಾಲಾಗಿ ಮೆಷಿನ್ನು, ಒಬ್ಬಳದು ಜೇಬು, ಒಬ್ಬಳದು ಕಾಲರ್, ಒಬ್ಬಳದು ತೋಳು. ನನ್ನ ಕೈಯಲ್ಲಿ ಮುಗಿದ ಪೀಸು ಪಕ್ಕದವಳ ಕೈಗೆ ಹೋಗಬೇಕು. ನಡುವೆ ಒಬ್ಬಳು ಎದ್ದರೆ ಅವಳ ಮುಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ಅವಳಾಚೆಯವಳು ಸುಮ್ಮನೆ ಕೂರುತ್ತಾಳೆ, ಸೂಪರ್‌ವೈಸರ್ ಓಡಿ ಬರುತ್ತಾಳೆ. ಟಾಯ್ಲೆಟ್ಟಿಗೆ ಏಳುವುದಕ್ಕೂ ಹತ್ತು ಸಲ ಯೋಚಿಸಬೇಕು. ಅದಕ್ಕೇ ನಾವು ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಏಳುವವಳು ಪಕ್ಕದವಳ ಮೊಣಕೈ ಮುಟ್ಟಿ ‘ನೋಡ್ಕೊ’ ಎನ್ನುತ್ತಾಳೆ, ಅಷ್ಟೆ. ಪಕ್ಕದವಳು ತನ್ನ ಕೆಲಸದ ಜೊತೆಗೆ ಅವಳ ಪೀಸುಗಳನ್ನೂ ಎಳೆದು ಹೊಲಿಯುತ್ತಾಳೆ. ಎಲ್ಲಿ ಅವಳು ಎಂದು ಸೂಪರ್‌ವೈಸರ್ ಕೇಳಿದರೆ, ‘ಇಲ್ಲೇ ಅವ್ಳೆ ಮೇಡಂ, ಸೂಜಿ ತರಕ್ ಹೋದ್ಲು’ ಎನ್ನಬೇಕು. ಹಾಗೆ ಹೇಳದವಳು ಲೈನಿನಲ್ಲಿ ಬಾಳುವುದಿಲ್ಲ. ನಾನಂತೂ ಆ ಮಾತನ್ನು ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ಕೇಳಿದ ಕೂಡಲೇ ಬಾಯಿಂದ ಬೀಳುತ್ತಿತ್ತು. ಹೇಳುವಾಗ ತಲೆ ಎತ್ತಿ ನೋಡುತ್ತಲೂ ಇರಲಿಲ್ಲ.

ನನ್ನ ಪಕ್ಕದಲ್ಲಿ ತೋಳು ಕೂರಿಸುತ್ತಿದ್ದವಳು ನಮ್ಮ ಬಾಡಿಗೆ ಮನೆಯವಳೇ. ಸಾಲಿನ ಕೊನೇ ಮನೆ. ಗಂಡ ವೈಟ್‌ಫೀಲ್ಡಿನ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ, ಮನೆಯಲ್ಲಿ ಇದ್ದರೆ ಇದ್ದ ಇಲ್ಲದಿದ್ದರೆ ಇಲ್ಲ. ಆರು ವರ್ಷದ ಮಗಳೊಬ್ಬಳು. ಶಾಲೆ ಬಿಟ್ಟ ಮೇಲೆ ನಮ್ಮತ್ತೆಯ ಬೆನ್ನಿಗೇ ಇರುತ್ತಿತ್ತು. ಕೆಲಸ ಕೊಡಿಸಿದವಳು ನಾನು, ಮೆಷಿನ್ ಕಲಿಸಿದವಳು ನಾನು. ಅದರಿಂದ ಅವಳಿಗೆ ನಾನು ಅಕ್ಕ, ಮಗುವಿಗೆ ದೊಡ್ಡಮ್ಮ. ಒಂದಿಷ್ಟು ಪೆದ್ದು ಅವಳು, ನಾನು ಬೈದರೂ ನಗುತ್ತಿದ್ದಳು. ಬಸ್ಸಿನಲ್ಲಿ ನನಗೆ ಸೀಟು ಸಿಗುವವರೆಗೆ ತಾನು ಕೂರುತ್ತಿರಲಿಲ್ಲ. ಅಕ್ಕ ಹೇಳಿದ ಮೇಲೆ ಮುಗಿಯಿತು ಎನ್ನುವ ಜಾತಿ. ಅಂಥವರ ನಂಬಿಕೆ ಎಷ್ಟು ಭಾರ ಎಂದು ಹೊತ್ತವರಿಗೆ ಹೊತ್ತಿರುವಾಗ ಗೊತ್ತಾಗುವುದಿಲ್ಲ.

ಆ ವರ್ಷ ಆಷಾಢ ಕಳೆದು ಶ್ರಾವಣ ಬಂದಿತ್ತು. ಜಲಪಾತಕ್ಕೆ ನೀರು ಬಂದಿದೆ ಎಂದು ಯಾರದೋ ಫೋನಿನಲ್ಲಿ ವಿಡಿಯೊ ಬಂತು. ಹೋಗೋಣ ಎಂದೆ. ಊರಿನ ಹೆಸರು ಹೇಳುವುದಿಲ್ಲ, ಆ ಊರಿನವರ ತಪ್ಪು ಇದರಲ್ಲಿ ಏನೂ ಇಲ್ಲ. ನಮ್ಮಲ್ಲಿಂದ ಎರಡು ಎರಡೂವರೆ ಗಂಟೆಯ ದಾರಿ ಎಂದರೆ ಸಾಕು. ಫ್ಯಾಕ್ಟರಿಗೂ ಇದಕ್ಕೂ ಸಂಬಂಧವಿರಲಿಲ್ಲ. ನಾವೇ ಚಂದಾ ಹಾಕಿ ಎರಡು ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಗೊತ್ತು ಮಾಡಿದೆವು. ಸೂಪರ್‌ವೈಸರ್ ಮೇಡಂ ತಾವೂ ಬರುತ್ತೇವೆ ಎಂದರು. ಅವರೂ ನಮ್ಮ ಹಾಗೆ ಟೈಲರ್ ಆಗಿ ಸೇರಿ ಮೇಲೆ ಬಂದವರು; ಬಾಯಿ ಜೋರು, ಆದರೆ ಕೆಟ್ಟವರಲ್ಲ. ಒಂದು ಹಾಳೆಯಲ್ಲಿ ಎಲ್ಲರ ಹೆಸರು ಬರೆದುಕೊಂಡು ಬಂದರು. ಪಿಕ್ನಿಕ್ಕಿಗೂ ಅಟೆಂಡೆನ್ಸಾ ಎಂದು ನಾವು ನಕ್ಕೆವು.

ನನ್ನ ಪಕ್ಕದವಳು ಹುಟ್ಟಿದಾರಭ್ಯ ಜಲಪಾತ ನೋಡಿರಲಿಲ್ಲ. ಹಿಂದಿನ ದಿನವೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿಟ್ಟಿದ್ದಳು. ಮಗಳನ್ನು ಕರೆದುಕೊಂಡು ಬರುತ್ತೇನೆ ಎಂದಾಗ ಬೇಡ, ಮಳೆ, ಜಾರುವ ಬಂಡೆ, ಮಗು ಅತ್ತೆಯ ಹತ್ತಿರ ಇರಲಿ ಎಂದವಳು ನಾನು. ನಾನು ಆ ಇಡೀ ದಿನ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಜಲಪಾತದ ಹತ್ತಿರ ಜಾತ್ರೆಯಷ್ಟು ಜನ. ಕಾರು, ಬೈಕು, ಬಣ್ಣಬಣ್ಣದ ರೇನ್‌ಕೋಟು, ಸುಟ್ಟ ಜೋಳ, ಉಪ್ಪುಖಾರ ಹಚ್ಚಿದ ಸೌತೆಕಾಯಿ. ಬಟ್ಟೆ ಬಿಚ್ಚಿ ನೀರಿಗಿಳಿದು ಕೂಗಾಡುವ ಹುಡುಗರ ಗುಂಪುಗಳು, ಹೆಂಗಸರು ಇಳಿದರೆ ಫೋನು ಎತ್ತುವ ಅವರ ಸ್ನೇಹಿತರು. ಮೆಟ್ಟಿಲಿಳಿದು ಹೋದರೆ ಬಂಡೆಗಳ ಹಾಸು, ಎದುರಿಗೆ ನೀರು. ಚೆನ್ನಾಗಿತ್ತು. ಸುಳ್ಳು ಯಾಕೆ, ಬಹಳ ಚೆನ್ನಾಗಿತ್ತು. ನಾವು ಇಪ್ಪತ್ತು ಚಿಲ್ಲರೆ ಹೆಂಗಸರು ಚೂಡಿದಾರ, ಸೀರೆಗಳ ಸಮೇತ ನೀರಿನಲ್ಲಿ ಕೂತು, ಒಬ್ಬರ ಮೇಲೊಬ್ಬರು ಎರಚಿಕೊಂಡು, ಹುಡುಗಿಯರ ಹಾಗೆ ಕಿರುಚಿದೆವು. ಅವಳು ತನ್ನ ಫೋನು ಒದ್ದೆಯಾಗುತ್ತದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿದ್ದಳು. ಎರಡೂ ಕೈ ಚಾಚಿ ಬೀಳುವ ನೀರಿನ ಕೆಳಗೆ ನಿಂತಳು, ಕಣ್ಣು ಮುಚ್ಚಿಕೊಂಡು. ಮದುವೆಯ ದಿನವೂ ಇಷ್ಟು ಖುಷಿಯಾಗಿರಲಿಲ್ಲ ಅಕ್ಕ ಎಂದಳು.

ಊಟವಾಯಿತು. ಆಮೇಲೆ ಶುರುವಾಯಿತು ಹೆಂಗಸರ ಹಳೇ ಕಷ್ಟ. ಇಷ್ಟು ಜನ ಬರುವ ಕಡೆ ಇದ್ದದ್ದು ಒಂದು ಸಿಮೆಂಟಿನ ಗೂಡು, ಅದಕ್ಕೂ ಬೀಗ. ಗಂಡಸರಿಗೇನು, ಮರಕ್ಕೆ ಮುಖ ಮಾಡಿ ನಿಂತರೆ ಆಯಿತು. ನಾವು ಮೂರು ಮೂರು ಜನ ಸೇರಿ, ಒಬ್ಬರಿಗೊಬ್ಬರು ದುಪಟ್ಟಾ ಹಿಡಿದು, ಮೆಟ್ಟಿಲಿನಾಚೆಯ ಪೊದೆಗೆ ಹೋಗಿ ಬಂದೆವು. ಅವಳು ಮಾತ್ರ ಬೇಡ ಬೇಡ ಎಂದು ತಡೆದುಕೊಂಡಳು. ಆ ಪೊದೆಯ ಹತ್ತಿರ ಹುಡುಗರು ಸುಳಿದಾಡುತ್ತಿದ್ದರು. ಕೊನೆಗೆ ತಡೆಯಲಾಗದೆ, ಹಳ್ಳದ ಆಚೆ ದಡದಲ್ಲಿ ಬಂಡೆಯ ಮರೆಯಿದೆ, ಅಲ್ಲಿ ಯಾರೂ ಇಲ್ಲ, ಹೋಗಿ ಬರುತ್ತೇನೆ ಎಂದಳು. ಹಳ್ಳ ಆಗ ಮೊಣಕಾಲುದ್ದ. ನಡುವೆ ಕಾಲಿಡಲು ಕಲ್ಲುಗಳಿದ್ದವು. ನಾನು ಪಾತ್ರೆಗಳನ್ನು ಬಳಿದು ಚೀಲಕ್ಕೆ ತುಂಬುತ್ತಿದ್ದೆ. ಅವಳು ಬಂದು ನನ್ನ ಮೊಣಕೈ ಮುಟ್ಟಿದಳು.

‘ನೋಡ್ಕೊಳ್ಳಕ್ಕ.’

‘ಹೋಗ್ಬಾ’ ಎಂದೆ. ತಲೆ ಎತ್ತಲಿಲ್ಲ.

ಅವಳು ಹಳ್ಳ ದಾಟಿ ಐದು ನಿಮಿಷವೂ ಆಗಿರಲಿಕ್ಕಿಲ್ಲ, ಮಳೆ ಶುರುವಾಯಿತು. ಬೆಳಗಿನಿಂದ ಇದ್ದ ಜಿನುಗು ಮಳೆ ಅಲ್ಲ, ಮುಖಕ್ಕೆ ಹೊಡೆಯುವ ಮಳೆ. ಕಾವಲಿಗಿದ್ದವನು ಸೀಟಿ ಊದುತ್ತಾ ಓಡಿ ಬಂದ. ಮೇಲೆ ಜೋರು ಮಳೆಯಂತೆ, ನೀರು ಬರುತ್ತದೆ, ಎಲ್ಲರೂ ಹತ್ತಿ ಎಂದು ಲಾಠಿ ಬೀಸುತ್ತಾ ಜನರನ್ನು ದನ ಅಟ್ಟಿದ ಹಾಗೆ ಮೆಟ್ಟಿಲಿಗೆ ಅಟ್ಟಿದ. ಆ ನೂಕಾಟದಲ್ಲಿ ನನ್ನ ಚಪ್ಪಲಿ ಕಿತ್ತುಹೋಯಿತು, ಚೀಲ ಒಂದು ಕೈಯಲ್ಲಿ, ಬ್ಯಾಗು ಒಂದು ಕೈಯಲ್ಲಿ. ಹಿಂದೆ ತಿರುಗಿ ಒಮ್ಮೆ ನೋಡಿದ್ದು ನಿಜ. ಹಳ್ಳದ ಆಚೆ ಯಾರೂ ಕಾಣಲಿಲ್ಲ. ದಾಟಿ ಬಂದಿರುತ್ತಾಳೆ, ಈ ಗುಂಪಿನಲ್ಲೇ ಎಲ್ಲೋ ಇರುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಮೇಲೆ ಟಿಟಿಗಳ ಡ್ರೈವರುಗಳು ಹಾರ್ನ್ ಒತ್ತುತ್ತಿದ್ದರು. ಇನ್ನು ಹತ್ತು ನಿಮಿಷ ಬಿಟ್ಟರೆ ದಾರಿಯಲ್ಲಿರುವ ಕೆರೆಯ ಏರಿಯ ಮೇಲೆ ಗಾಡಿಗಳು ಸಿಕ್ಕಿಕೊಳ್ಳುತ್ತವೆ ಎಂದು ಅವರ ಗಲಾಟೆ. ಮೇಡಂ ಹಿಂದಿನ ಟಿಟಿಯವರ ಲೆಕ್ಕ ಮುಗಿಸಿ ನಮ್ಮ ಟಿಟಿಯ ಬಾಗಿಲಲ್ಲಿ ನಿಂತರು, ತಲೆಯ ಮೇಲೆ ಪ್ಲಾಸ್ಟಿಕ್ ಕವರು, ಕೈಯಲ್ಲಿ ಒದ್ದೆಯಾದ ಹಾಳೆ. ಒಂದೊಂದೇ ಹೆಸರು ಕೂಗಿದರು. ಅವಳ ಹೆಸರು ಬಂತು.

‘ಇಲ್ಲೇ ಅವ್ಳೆ ಮೇಡಂ’ ಎಂದೆ.

ಆ ಕ್ಷಣ ನನ್ನ ತಲೆಯಲ್ಲಿ ಏನಿತ್ತು ಎಂದು ಆಮೇಲೆ ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಮೋಸ ಇರಲಿಲ್ಲ. ಅವಳು ಬರುತ್ತಿದ್ದಾಳೆ, ಬರುವವರೆಗೆ ಬೈಸಿಕೊಳ್ಳಬಾರದು, ಅಷ್ಟೇ ಇತ್ತು. ಹನ್ನೆರಡು ವರ್ಷ ಹಾಗೆ ಹೇಳಿದಾಗಲೆಲ್ಲ ಹೋದವಳು ಎರಡು ನಿಮಿಷಕ್ಕೆ ಬಂದು ಕೂತಿದ್ದಾಳೆ. ಮೇಡಂ ಟಿಕ್ ಹಾಕಿ ಒಳಗೆ ಬಂದರು, ಬಾಗಿಲು ಎಳೆದರು, ಗಾಡಿ ಹೊರಟಿತು. ಆಗ ಒಂದು ಸಲ ಹಿಂದಿನ ಕಿಟಕಿಯ ಕಡೆ ತಿರುಗಿದೆ. ನಿಲ್ಲಿಸಿ ಎಂದು ಹೇಳಬೇಕಿತ್ತು. ಹಿಂದಿನ ಟಿಟಿ ಇನ್ನೂ ನಿಂತಿದೆಯಲ್ಲ, ಅದಕ್ಕೆ ಹತ್ತುತ್ತಾಳೆ, ಎಲ್ಲರ ಮುಂದೆ ಸುಳ್ಳಿ ಅನ್ನಿಸಿಕೊಳ್ಳುವುದು ಯಾಕೆ ಎಂದು ಸುಮ್ಮನಾದೆ. ಅವಳ ಸೀಟಿನ ಮೇಲೆ ನನ್ನ ಒದ್ದೆ ಬ್ಯಾಗು ಇತ್ತು. ಹಿಂದೆ ಕೂತಿದ್ದ ಒಬ್ಬಳಿಗೆ ವಾಂತಿ ಬರುವ ಹಾಗಾಗಿ ಮುಂದೆ ಬಂದಳು. ಬ್ಯಾಗು ಎತ್ತಿ ಅವಳಿಗೆ ಜಾಗ ಕೊಟ್ಟೆ. ಅಲ್ಲಿಗೆ ಖಾಲಿ ಸೀಟೂ ಇಲ್ಲವಾಯಿತು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು ಅವಳನ್ನು ಮರೆತೆ. ಯಾರೋ ಹಾಡು ಶುರು ಮಾಡಿದರು, ನಾನೂ ಸೇರಿಕೊಂಡೆ, ಚಪ್ಪಾಳೆ ತಟ್ಟಿದೆ. ಸುಮಾರು ಒಂದು ಗಂಟೆ ಹೋದ ಮೇಲೆ ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ ಗಾಡಿ ನಿಲ್ಲಿಸಿದರು. ಬಿಸಿ ಮೆಣಸಿನಕಾಯಿ ಬೋಂಡ ಕರಿಯುತ್ತಿದ್ದರು. ಎರಡು ತಿಂದೆ. ಮೂರನೆಯದಕ್ಕೆ ಕೈ ಹಾಕುವಾಗ ನನ್ನ ಬ್ಯಾಗಿನೊಳಗೆ ಫೋನು ಹೊಡೆದುಕೊಂಡಿತು. ನನ್ನದಲ್ಲ. ಕವರು ಬಿಚ್ಚಿದೆ, ಅವಳ ಫೋನು, ನಮ್ಮತ್ತೆಯ ನಂಬರು. ಎತ್ತಿ ಹಲೋ ಎಂದರೆ ಆ ಕಡೆ ಮಗು.

‘ದೊಡ್ಡಮ್ಮ, ಅಮ್ಮಂಗೆ ಕೊಡು.’

‘ಕೊಡ್ತೀನಿ ಇರು ಕಂದ’ ಎಂದೆ.

ಅಷ್ಟರಲ್ಲಿ ಹಿಂದಿನ ಟಿಟಿ ಬಂದು ನಿಂತಿತ್ತು. ಫೋನನ್ನು ಕಿವಿಗೆ ಹಿಡಿದುಕೊಂಡೇ ನಡೆದೆ. ಇಳಿಯುತ್ತಿದ್ದ ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಇಳಿದ ಮೇಲೆ ಒಳಗೆ ಹತ್ತಿ ಸೀಟುಗಳ ನಡುವೆ ನೋಡಿದೆ. ಮಗು ಅತ್ತಲಿಂದ ಹಲೋ ಹಲೋ ಎನ್ನುತ್ತಲೇ ಇತ್ತು. ಅಮ್ಮ ಟೀ ಕುಡಿಯುತ್ತಿದ್ದಾಳೆ, ಆಮೇಲೆ ಮಾಡುತ್ತಾಳೆ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಮೇಡಂ ಹತ್ತಿರ ಹೋಗಿ ಅವಳು ಬಂದಿಲ್ಲ ಎಂದೆ. ಅವರು ಮೊದಲು ಹಾಳೆಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬೈಯಲಿಲ್ಲ. ಲೋಟ ಕೆಳಗಿಟ್ಟು ಡ್ರೈವರನ್ನು ಕರೆದರು.

ಒಂದು ಟಿಟಿ ಮನೆಯ ಕಡೆ ಹೋಯಿತು, ನಮ್ಮದು ವಾಪಸ್ಸು ತಿರುಗಿತು. ಮಳೆ ಹಾಗೇ ಹುಯ್ಯುತ್ತಿತ್ತು. ದೇವರೇ, ಅವಳು ಸಿಕ್ಕರೆ ಕಾಲು ಹಿಡಿದು ನಿಜ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತೆ. ಮಗುವಿಗೆ ಏನು ಹೇಳುವುದು ಎನ್ನುವುದನ್ನು ಯೋಚಿಸಲು ಹೋದವಳು ಮತ್ತೆ ಹರಕೆಗೇ ಮರಳುತ್ತಿದ್ದೆ. ಸೀಟಿನ ಅಂಚನ್ನು ಹಿಡಿದುಕೊಂಡು ಕೂತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮತ್ತೆ ನನಗೆ ದಿನಕ್ಕೊಂದು ಸಲ ಹೇಳುವ ಮಾತು. ಅವತ್ತು ಅದನ್ನು ನನಗೆ ನಾನೇ ಹೇಳಿಕೊಂಡೆ.

ಅಲ್ಲಿ ಈಗ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಡಿಗಳ ಮೇಲೆ ಟಾರ್ಪಾಲು ಎಳೆದಿದ್ದರು. ಸೌತೆಕಾಯಿ ಮಾರುವ ಮುದುಕರೊಬ್ಬರು ಮಾತ್ರ ಗಾಡಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದರು. ನಾವು ಮೆಟ್ಟಿಲಿಳಿಯಲು ಹೋದಾಗ ಅವರು ಅಡ್ಡ ಬಂದರು. ವಿಷಯ ಹೇಳಿದೆವು. ಹಳ್ಳದ ಆಚೆಗೆ ಎಂದ ಕೂಡಲೇ ಅವರು ಬೀಡಿ ಎಸೆದರು.

ಅರ್ಧ ಮೆಟ್ಟಿಲಿನಿಂದಲೇ ಕಾಣಿಸಿತು. ನಾವು ಕೂತು ಊಟ ಮಾಡಿದ್ದ ಬಂಡೆಯೇ ಇರಲಿಲ್ಲ. ಕಾಲಿಟ್ಟು ದಾಟುವ ಕಲ್ಲುಗಳೂ ಇರಲಿಲ್ಲ. ಕೆಂಪು ನೀರು ಮರದ ಕೊಂಬೆಗಳನ್ನು ಹೊತ್ತು ನುಗ್ಗುತ್ತಿತ್ತು. ಆಚೆ ದಡದಲ್ಲಿ ಬಂಡೆಯ ಗೋಡೆ ನೇರಕ್ಕೆ ಎದ್ದಿದೆ, ಅದರ ಬುಡದಲ್ಲಿ ಒಂದು ಜಗಲಿಯಷ್ಟು ಅಗಲದ ಕಲ್ಲು. ಅದರ ಮೇಲೆ ಅವಳು ಕೂತಿದ್ದಳು, ಮೊಣಕಾಲು ಅಪ್ಪಿಕೊಂಡು. ನೀರು ಕಲ್ಲಿನ ಅಂಚಿಗೆ ಒಂದು ಗೇಣು ಕೆಳಗಿತ್ತು. ಕೂಗಿದೆವು, ನೀರಿನ ಸದ್ದಿಗೆ ನಮ್ಮ ಕೂಗು ನಮಗೇ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ತಲೆ ಎತ್ತಿದಳು. ನನ್ನನ್ನು ನೋಡಿದಳು. ನೋಡಿ ಕೈ ಎತ್ತಿ ಬೀಸಿದಳು, ಮುಖದಲ್ಲಿ ನಗು. ಬಸ್‌ಸ್ಟಾಪಿನಲ್ಲಿ ನನಗಾಗಿ ಕಾಯುತ್ತಿದ್ದಾಗ ನಗುತ್ತಿದ್ದಳಲ್ಲ, ಅದೇ ನಗು.

ಮುದುಕರು ಊರೊಳಗಿಂದ ನಾಲ್ಕು ಜನರನ್ನು ಹಗ್ಗದೊಂದಿಗೆ ಕರೆತಂದರು. ಮೇಲುಗಡೆ ಒಂದು ಸೇತುವೆಯಿದೆ, ಸುತ್ತಿಕೊಂಡು ಹೋಗಿ ಗೋಡೆಯ ನೆತ್ತಿಯಿಂದ ಹಗ್ಗ ಇಳಿಬಿಡಬೇಕು ಎಂದರು. ಅವರು ಹೋಗಿ ತಲುಪುವುದಕ್ಕೆ ಅರ್ಧ ಗಂಟೆಯಾಯಿತು. ಆ ಅರ್ಧ ಗಂಟೆ ಅವಳು ನನ್ನನ್ನು ನೋಡುತ್ತಾ ಕೂತಿದ್ದಳು, ನಾನು ನೀರನ್ನು ನೋಡುತ್ತಾ ನಿಂತಿದ್ದೆ. ಗೇಣು ಇದ್ದದ್ದು ನಾಲ್ಕು ಬೆರಳಾಯಿತು. ಹಗ್ಗ ಬಂತು. ಸೊಂಟಕ್ಕೆ ಕಟ್ಟಿಕೊಳ್ಳಲು ಅವಳಿಗೆ ಕೈ ಬಗ್ಗುತ್ತಿರಲಿಲ್ಲ, ಒಬ್ಬರು ಇಳಿದು ಕಟ್ಟಿದರು. ಎಳೆದುಕೊಂಡರು. ಮೊಣಕಾಲು, ಅಂಗೈ ಎಲ್ಲ ತರಚಿಹೋಗಿತ್ತು. ಸೇತುವೆ ಸುತ್ತಿ ಅವಳನ್ನು ನಮ್ಮ ಬಳಿ ಕರೆತಂದಾಗ ಇನ್ನೂ ಸ್ವಲ್ಪ ಬೆಳಕಿತ್ತು.

ಮುದುಕರು ನಮಗೆಲ್ಲ ಬೈದರು. ‘ಯೆಣ್ಣೆಂಗ್ಸ್ನ ಇಂಗೆ ಬುಟ್ಬುಟ್ ಓಯ್ತಾರಾ, ನಿಮ್ಗೇನ್ ಮನೆಮಠ ಇಲ್ವಾ’ ಎಂದರು. ಅವಳಿಗೆ ಬೈಗುಳ ಕೇಳಿಸುತ್ತಿರಲಿಲ್ಲ. ನಡುಗುತ್ತಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

‘ಅಕ್ಕ, ನೀನ್ ಇಲ್ಲೇ ಇದ್ದೆ ಅಲ್ವಾ? ನಂಗೊತ್ತಿತ್ತು.’

ಹರಕೆ ಹೊತ್ತಿದ್ದೆನಲ್ಲ, ಆ ಹರಕೆ ತೀರಿಸುವ ಹೊತ್ತು ಅದೇ. ನಾನು ‘ಇಲ್ಲೇ ಇದ್ದೆ ಕಣೆ’ ಎಂದೆ. ಪಕ್ಕದಲ್ಲಿ ಮೇಡಂ ನಿಂತಿದ್ದರು, ಲೈನಿನವರು ನಿಂತಿದ್ದರು. ಒಬ್ಬರೂ ತುಟಿ ಎರಡು ಮಾಡಲಿಲ್ಲ.

ಆಮೇಲೆಯೂ ಮಾಡಲಿಲ್ಲ. ನಾನು ಯಾರಿಗೂ ಹೀಗೆ ಹೇಳಿ ಎಂದು ಬೇಡಿಕೊಂಡಿರಲಿಲ್ಲ. ಅವಳು ಕೇಳಿದಾಗಲೆಲ್ಲ ಎಲ್ಲರೂ ಒಂದೇ ಮಾತು ಹೇಳಿದರು: ಗಾಡಿಗಳನ್ನು ಕೆರೆ ಏರಿಯ ಆಚೆ ನಿಲ್ಲಿಸಿದ್ದರು, ಅಕ್ಕ ಮಾತ್ರ ಹೊರಡಲು ಬಿಡಲಿಲ್ಲ, ಮಳೆಯಲ್ಲಿ ಹುಡುಕುತ್ತಿದ್ದಳು. ಟಾಯ್ಲೆಟ್ಟಿಗೆ ಹೋದವಳ ಪೀಸನ್ನು ಎಳೆದು ಹೊಲಿಯುತ್ತೇವಲ್ಲ, ಹಾಗೆ ನನ್ನ ತಪ್ಪನ್ನು ಎಲ್ಲರೂ ಸೇರಿ ಹೊಲಿದು ಮುಚ್ಚಿದರು. ಅವರಿಗೂ ಅದು ಬೇಕಿತ್ತೇನೋ. ಹಾಡು ಹೇಳುವಾಗ ಅವಳು ಇಲ್ಲ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವಳ ಗಂಡ ಸುಮ್ಮನಿರಲಿಲ್ಲ. ಫ್ಯಾಕ್ಟರಿಯ ಗೇಟಿಗೆ ಬಂದು, ತಲೆ ಎಣಿಸಲು ಬಾರದವಳು ಯಾವ ಸೂಪರ್‌ವೈಸರು ಎಂದು ಮೇಡಂ ಮೇಲೆ ಕೂಗಾಡಿದ. ಆಗ ಮೇಡಂ ನಿಜ ಹೇಳಿದರು. ಅವಳ ಪಕ್ಕದಲ್ಲಿ ಕೂರುವವಳೇ ‘ಇಲ್ಲೇ ಅವ್ಳೆ’ ಎಂದಳು, ಅದಕ್ಕೇ ನಾನು ಟಿಕ್ ಹಾಕಿದೆ ಎಂದರು. ನಾನು ಹತ್ತು ಮಾರು ದೂರದಲ್ಲಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಕೂಡಲೇ ಸೆರಗು ಸರಿಮಾಡಿಕೊಂಡೆ. ಆದರೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅವಳು ಮೇಡಂ ಎದುರಿಗೆ ನಿಂತು, ಅಕ್ಕ ಅಂಥವಳಲ್ಲ, ನಿಮ್ಮ ತಪ್ಪು ಮುಚ್ಚಿಕೊಳ್ಳಲು ಅಕ್ಕನ ಮೇಲೆ ಹಾಕಬೇಡಿ ಎಂದು ನೆಟ್ಟಗೆ ಹೇಳಿದಳು. ಜನ್ಮದಲ್ಲಿ ಯಾರಿಗೂ ಎದುರು ಮಾತಾಡದವಳು ಅವಳು. ಗೇಟಿನ ಗಲಾಟೆ ಮ್ಯಾನೇಜರ ಕಿವಿಗೆ ಬಿದ್ದು, ತಿಂಗಳೊಳಗೆ ಮೇಡಂ ಅವರನ್ನು ಎಲೆಕ್ಟ್ರಾನಿಕ್ ಸಿಟಿ ಕಡೆಯ ಯೂನಿಟ್ಟಿಗೆ ಹಾಕಿದರು. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಬಸ್ಸು ಬದಲಾಯಿಸಿಕೊಂಡು ಹೋಗಬೇಕು. ಹೋಗುವ ದಿನ ನನ್ನ ಮೆಷಿನ್ನಿನ ಹತ್ತಿರ ಬಂದು ಒಂದು ನಿಮಿಷ ನಿಂತರು. ನಾನು ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿಯೇ ಇದ್ದೆ.

ಗೌರಿ ಹಬ್ಬ ಬಂತು. ಅವಳು ಬಾಗಿನ ತಂದಳು. ಮೊದಲ ಬಾಗಿನ ನಿನಗೇ ಅಕ್ಕ ಎಂದು ಮೊರವನ್ನು ನನ್ನ ಕೈಗಿಟ್ಟು ಕಾಲಿಗೆ ಬಿದ್ದಳು, ಮಗಳನ್ನೂ ಬೀಳಿಸಿದಳು. ‘ದೊಡ್ಡಮ್ಮ ಇಲ್ದಿದ್ರೆ ನಿಮ್ಮಮ್ಮ ಇರ್ತಿರ್ಲಿಲ್ಲ’ ಎಂದು ಮಗುವಿಗೆ ಹೇಳಿದಳು. ನಮ್ಮತ್ತೆ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾರ್ಮೆಂಟ್ಸಿಗೆ ಹೋದದ್ದಕ್ಕೆ ಒಂದು ಪುಣ್ಯವನ್ನಾದರೂ ಕಟ್ಟಿಕೊಂಡಳು ಎಂದು ಅವರ ಸಮಾಧಾನ. ನಾನು ಮಗುವಿನ ತಲೆಯ ಮೇಲೆ ಕೈಯಿಟ್ಟೆ.

ಮುಂದಿನ ಭಾನುವಾರ ಅವಳು ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಹೋಗಿ ಹೇಳಿಬಿಟ್ಟೆ. ಒಂದನ್ನೂ ಬಿಡಲಿಲ್ಲ. ಹಾಳೆಯಲ್ಲಿ ಹೆಸರು ಕೂಗಿದ್ದು, ನಾನು ಇದ್ದಾಳೆ ಎಂದದ್ದು, ಸೀಟು ಕೊಟ್ಟದ್ದು, ಹಾಡಿದ್ದು, ಬೋಂಡ ತಿಂದದ್ದು, ನಿನ್ನ ಮಗಳು ಫೋನ್ ಮಾಡುವವರೆಗೆ ನಿನ್ನ ನೆನಪೇ ನನಗೆ ಇರಲಿಲ್ಲ ಎನ್ನುವುದು. ಮೇಡಂ ಹೇಳಿದ್ದೇ ನಿಜ ಎನ್ನುವುದು. ಅವಳು ಕೆನ್ನೆಗೆ ಹೊಡೆದರೂ ತಿನ್ನಬೇಕು ಎಂದು ಸಿದ್ಧವಾಗಿ ಬಂದಿದ್ದೆ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು, ಅದಕ್ಕೇ ಬಂದಿದ್ದೆನೋ ಏನೋ.

ಅವಳು ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಹಿಂಡಿದಳು. ಆಮೇಲೆ, ಆ ಕಲ್ಲಿನ ಮೇಲೆ ಕೂತಾಗ ಮೊದಮೊದಲು ಭಯವಿರಲಿಲ್ಲ ಎಂದಳು. ಅಕ್ಕ ಹುಡುಕುತ್ತಿರುತ್ತಾಳೆ, ಬಿಟ್ಟು ಹೋಗುವವಳಲ್ಲ ಎಂದು ಗಟ್ಟಿಯಾಗಿ ಕೂತಿದ್ದಳಂತೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ, ಬಂಡೆಯ ನೆತ್ತಿಯಲ್ಲಿ, ಮೇಕೆ ಮೇಯಿಸುವವನೊಬ್ಬ ಬಂದನಂತೆ. ಮಳೆಗೆ ತಲೆಯ ಮೇಲೆ ಗೋಣಿ ಕೊಪ್ಪೆ ಹಾಕಿಕೊಂಡು ಅಲ್ಲೇ ತುಂಬ ಹೊತ್ತು ನಿಂತಿದ್ದ. ಆಗ ನೀರು ಇನ್ನೂ ಕೆಳಗೇ ಇತ್ತು.

‘ಕೂಗಿದ್ರೆ ಕೇಳ್ತಿತ್ತು ಅವ್ನಿಗೆ. ಮೈಮೇಲೆಲ್ಲ ಒದ್ದೆ ಬಟ್ಟೆ, ದುಪಟ್ಟಾನೂ ನೀರಲ್ಲೋಗಿತ್ತು. ನಾಚ್ಕೆ ಆಯ್ತು. ಎಂಗೂ ಅಕ್ಕ ಬತ್ತಾಳಲ್ಲ ಅಂತ ಸುಮ್ನೆ ಕೂತ್ಕೊಂಡೆ. ಅವ್ನು ಒಂಟೋದ.’

ಕೈಯಲ್ಲಿದ್ದುದನ್ನು ಕೊಡವಿ ತಂತಿಯ ಮೇಲೆ ಹಾಕಿದಳು. ಮಗಳ ಸ್ಕೂಲಿನ ಶರ್ಟು ಅದು. ತೋಳುಗಳನ್ನು ಎಳೆದು ಸರಿಮಾಡಿದಳು.

‘ಕೂಗ್ಬೇಕಾಗಿತ್ತು ನಾನು’ ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ತಪ್ಪು ತನ್ನದೇ, ಈಗಷ್ಟೇ ಗೊತ್ತಾಯಿತು ಎನ್ನುವ ಹಾಗೆ ಹೇಳಿದಳು. ಬಕೆಟ್ಟು ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.